ಅಂಗಳದಲ್ಲಿ ಕಾದ ಮತ

ಸರ್ ಅಂಬ್ರೋಸ್ ಹ್ಯಾಲೆಟ್ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಬರ್ತೀನಿ." ಆ ಮಾತಿನ ಬೆನ್ನಿಗೆ ಉದ್ದನೆಯ ಕೆಮ್ಮು ಬಂತು, ಕೆಮ್ಮಿನ ಬೆನ್ನಿಗೆ ಎಲ್ಲೋ ಬಾಗಿಲು ಮುಚ್ಚಿದ ಸದ್ದು, ಆಮೇಲೆ ಏನೂ ಇಲ್ಲ. ಲೆಸ್ಲಿ ಪೆನ್‌ರೋಸ್ ಕೃತಜ್ಞತೆ ಹೇಳಿ ರಿಸೀವರ್ ಕೆಳಗಿಟ್ಟಿದ್ದ. ಯಾವ ಕಡೆಗೆ ಮತ ಎಂದು ಕೇಳಿರಲಿಲ್ಲ. ಆಳುತ್ತಿದ್ದ ಟೋರಿ ಪಕ್ಷದಲ್ಲಿ ಹಾಗೆ ಕೇಳುವ ರೂಢಿ ಇರಲಿಲ್ಲ. ಹಿರಿಯನೊಬ್ಬ ಬರುತ್ತೇನೆ ಎಂದರೆ ಪಕ್ಷದ ಕಡೆಗೇ ಬರುತ್ತಾನೆ; ಅದನ್ನು ಬಿಡಿಸಿ ಕೇಳುವುದೆಂದರೆ ಊಟಕ್ಕೆ ಕರೆದವರ ಮನೆಯಲ್ಲಿ ಚಮಚವನ್ನು ದೀಪಕ್ಕೆ ಹಿಡಿದು ತೊಳೆದಿದೆಯೇ ಎಂದು ನೋಡಿದ ಹಾಗೆ.

ಅದು ನಿನ್ನೆಯ ಮಾತು. ಇಂದು, ಫೆಬ್ರವರಿಯ ಮಂಕು ಸಂಜೆಯಲ್ಲಿ, ಪೆನ್‌ರೋಸ್ ವೆಸ್ಟ್‌ಮಿನ್‌ಸ್ಟರಿನ ಅರಮನೆ ಎನ್ನುವ ಸಂಸತ್ ಭವನದ ಅಂಗಳದಲ್ಲಿ ನಿಂತು ಗೇಟಿನ ಕಡೆ ನೋಡುತ್ತಿದ್ದ. ಎಲೆಯುದುರಿದ ಲಿಂಡನ್ ಮರಗಳು ಒಂದರ ಕೈ ಒಂದು ಹಿಡಿದುಕೊಂಡು, ಏನನ್ನೋ ಕೇಳಿಸಿಕೊಳ್ಳಲೊಲ್ಲದ ಸಾಲಿನಂತೆ ನಿಂತಿದ್ದವು. ನೆಲದ ಕಲ್ಲುಗಳ ಮೇಲೆ ತೇವ ಇತ್ತು; ಮಳೆ ಬಂದಿರಲಿಲ್ಲ.

ಅವನು ಸರ್ಕಾರದ ಕಿರಿಯ ಸಚೇತಕ. ಮತದ ಗಂಟೆ ಬಾರಿಸುವ ಹೊತ್ತಿಗೆ ತನ್ನ ಪಾಲಿಗೆ ಬಂದ ಸದಸ್ಯರನ್ನು ಚಹಾ ಕೋಣೆಯಿಂದ, ಸ್ನಾನದ ಮನೆಯಿಂದ, ಒಮ್ಮೊಮ್ಮೆ ಪರಸ್ತ್ರೀಯ ಮನೆಯಿಂದ ಎಬ್ಬಿಸಿ ತಂದು ಸರಿಯಾದ ಪಡಸಾಲೆಯೊಳಗೆ ಹೊಗಿಸುವುದು ಅವನ ಕಸುಬು. 'ಹೌದು' ಎನ್ನುವವರಿಗೆ ಒಂದು ಪಡಸಾಲೆ, 'ಇಲ್ಲ' ಎನ್ನುವವರಿಗೆ ಇನ್ನೊಂದು. ಕಾಲಿದ್ದವರು ನಡೆದು ಹೋಗಬೇಕು. ನಡೆಯಲಾರದ ರೋಗಿಯನ್ನು ಆಂಬುಲೆನ್ಸಿನಲ್ಲಿ ಈ ಅಂಗಳದವರೆಗೆ ತಂದರೆ ಸಾಕು. ಎದುರು ಪಕ್ಷದ ಸಚೇತಕ ಬಂದು ಇಣುಕಿ, ಜೀವ ಇದೆಯೆಂದು ಕಣ್ಣಾರೆ ಕಂಡು ಹೋಗುತ್ತಾನೆ. ಆಮೇಲೆ ರೋಗಿಯ ಪಕ್ಷದ ಸಚೇತಕ ಮೇಲೆ ಹೋಗಿ ಪಡಸಾಲೆಯ ಬಾಗಿಲಲ್ಲಿ ಅವನ ಹೆಸರು ಹೇಳಿ ತಲೆಯಾಡಿಸುತ್ತಾನೆ. ಮತ ಬಿತ್ತು. ಯಾವ ಕಾಯಿದೆಯಲ್ಲೂ ಇಲ್ಲದ, ಯಾರೂ ಎಂದೂ ಮೀರದ ಪದ್ಧತಿ ಅದು. ಈ ದೇಶದಲ್ಲಿ ಗಟ್ಟಿಯಾಗಿ ನಿಂತದ್ದೆಲ್ಲ ಹೀಗೆ ಬರೆಯದೇ ನಿಂತದ್ದು ಎಂದು ಪೆನ್‌ರೋಸನಿಗೆ ಕಲಿಸಿದವರೇ ಸರ್ ಅಂಬ್ರೋಸ್.

ಆ ಪಾಠವೇ ನಿನ್ನೆಯಿಂದ ಅವನನ್ನು ಚುಚ್ಚುತ್ತಿತ್ತು.

ಮಸೂದೆ ಸಣ್ಣ ಬಂದರುಗಳದ್ದು. ಕರಾವಳಿಯ ಉದ್ದಕ್ಕೂ ಊರಿನ ಧರ್ಮದರ್ಶಿಗಳ ಕೈಯಲ್ಲಿ ತಲೆಮಾರುಗಳಿಂದ ಇದ್ದ ಮೀನುಗಾರರ ಬಂದರುಗಳನ್ನೂ ಕಟ್ಟೆಗಳನ್ನೂ ಕಂಪನಿಗಳಿಗೆ ಮಾರುವ ಮಸೂದೆ. ಉಪಚುನಾವಣೆಗಳಲ್ಲಿ ಉದುರುತ್ತಾ ಬಂದು ಸರ್ಕಾರದ ಬಹುಮತ ಸವೆದ ಕಾಲರಿನಂತಾಗಿತ್ತು. ಈ ಮಸೂದೆ ಬಿದ್ದರೆ ತಾನೂ ಇಳಿಯುತ್ತೇನೆ, ದೇಶ ಚುನಾವಣೆಗೆ ಹೋಗುತ್ತದೆ ಎಂದು ಪ್ರಧಾನಿ ಸಾರಿಬಿಟ್ಟಿದ್ದರು. ಲೆಕ್ಕ ಕೂದಲಿನಷ್ಟು ಸಣ್ಣದಾಗಿತ್ತು. ಉತ್ತರ ಸಮುದ್ರದ ದಡದ ಸ್ಕಾರ್‌ಹೇವನ್ ಕ್ಷೇತ್ರವನ್ನು ಮೂವತ್ತು ವರ್ಷಗಳಿಂದ ಹಿಡಿದಿದ್ದ, ಈಗ ಶ್ವಾಸಕೋಶ ಕೊಳೆತು ಹಾಸಿಗೆ ಹಿಡಿದಿದ್ದ ಸರ್ ಅಂಬ್ರೋಸರ ಮತವಿಲ್ಲದೆ ಅದು ಕೂಡಿಬರುವಂತಿರಲಿಲ್ಲ.

ಕಳೆದ ಶರತ್ಕಾಲದಲ್ಲಿ, ಕಾಯಿಲೆ ಇನ್ನೂ ಕೆಮ್ಮಿನ ವೇಷದಲ್ಲಿದ್ದಾಗ, ಧೂಮಪಾನದ ಕೋಣೆಯಲ್ಲಿ ಸರ್ ಅಂಬ್ರೋಸ್ ಈ ಮಸೂದೆಯ ಕರಡನ್ನು ಓದಿ ಕನ್ನಡಕ ತೆಗೆದಿದ್ದರು. "ನನ್ನದಲ್ಲದ್ದನ್ನ ನಾನು ಹೇಗಪ್ಪಾ ಮಾರಲಿ?" ಎಂದಷ್ಟೇ ಹೇಳಿ ಕರಡನ್ನು ಪಕ್ಕಕ್ಕಿಟ್ಟಿದ್ದರು. ಅದನ್ನು ಕೇಳಿದವನು ಪೆನ್‌ರೋಸ್ ಒಬ್ಬನೇ. ಯಾರಿಗೂ ಹೇಳಿರಲಿಲ್ಲ. ಸಚೇತಕನೊಬ್ಬ ಇಂಥ ಮಾತನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗೆ ಇರಬಲ್ಲವನಾಗಿರಬೇಕು.

ಬಾಗಿಲ ಕಮಾನಿನಿಂದ ಮುಖ್ಯ ಸಚೇತಕ ರಾಡರಿಕ್ ವೇನ್ ಹೊರಗೆ ಬಂದ. ಎತ್ತರದ ತೆಳ್ಳನೆಯ ಮನುಷ್ಯ; ನಗುವಾಗಲೂ ಅವನ ತುಟಿಗಳು ಲಕೋಟೆಯ ಬಾಯಿಯಂತೆ ಅಂಟಿಕೊಂಡೇ ಇರುತ್ತಿದ್ದವು.

"ಎಲ್ಲಪ್ಪಾ ನಿನ್ನ ಮುದುಕ?"

"ಸೇತುವೆ ದಾಟಿದ್ದಾರಂತೆ. ಬಂದ್ರು ಇನ್ನೇನು."

"ಉಸಿರಿರತ್ತೆ ತಾನೇ? ಹೆಣಕ್ಕೆ ಮತ ಇಲ್ಲ ಈ ಮನೇಲಿ. ಆ ಕಡೆ ಮೇಲ್ಮನೇಲಿ ಆದ್ರೆ ಯಾರೂ ಗಮನಿಸ್ತಿರ್ಲಿಲ್ಲ."

ಪೆನ್‌ರೋಸನಿಗೆ ನಗು ಬರಲಿಲ್ಲ. "ರಾಡರಿಕ್, ಒಂದು ಮಾತು. ಅವರು ನಮ್ಮ ಕಡೆ ಅಂತ ನಾವು ಅಂದ್ಕೊಂಡಿದೀವಿ. ಅವರು ಹಾಗಂತ ಹೇಳಿಲ್ಲ."

"ಬರ್ತೀನಿ ಅಂದ್ರಂತಲ್ಲ?"

"ಅಂದ್ರು. ಆದ್ರೆ ಅದು ಅವರ ಬಂದರು. ಅವರ ಅಜ್ಜ, ಮುತ್ತಜ್ಜ ಎಲ್ಲ ಧರ್ಮದರ್ಶಿಗಳಾಗಿದ್ದ ಜಾಗ. ಒಂದು ಸಲ ಕೇಳಿಬಿಟ್ರೆ..."

ವೇನ್ ಅವನ ಕೋಟಿನ ಗುಂಡಿಯೊಂದನ್ನು ಹಿಡಿದು, ಸಡಿಲವಾಗಿದೆಯೇ ಎಂದು ನೋಡುವವನಂತೆ ತಿರುಗಿಸಿದ. "ಕೇಳಬೇಡ. ತಿಳೀತಾ? ನೀನು ಕೇಳದೇ ತಲೆಯಾಡಿಸಿದ್ರೆ ಅದು ಪದ್ಧತಿ. ಕೇಳಿ, ಅವರು ಇಲ್ಲ ಅಂದಮೇಲೆ ತಲೆಯಾಡಿಸಿದ್ರೆ ಸುಳ್ಳು. ನಿನ್ನನ್ನ ಸುಳ್ಳ ಮಾಡೋಕೆ ನಂಗಿಷ್ಟ ಇಲ್ಲ, ಲೆಸ್ಲಿ. ಕಂಬಳಿ ಸರಿಮಾಡು, ಹವಾಮಾನ ಮಾತಾಡು, ಮೇಲೆ ಬಾ."

ಅವನು ಹೋದಮೇಲೂ ಗುಂಡಿಯ ಮೇಲೆ ಬೆರಳಿನ ಒತ್ತು ಉಳಿದಂತೆ ಪೆನ್‌ರೋಸನಿಗೆ ಅನಿಸುತ್ತಿತ್ತು. ಕೆಟ್ಟರಿಂಗ್ ಎಂಬ ಊರಿನಲ್ಲಿ ಕಬ್ಬಿಣದ ಸಾಮಾನು ಮಾರುತ್ತಿದ್ದವನ ಮಗ ಪೆನ್‌ರೋಸ್. ಸರ್ ಅಂಬ್ರೋಸರ ಕಾರ್ಯದರ್ಶಿಯಾಗಿ ಬಂದಾಗ ಅವನಿಗೆ ಇಪ್ಪತ್ತನಾಲ್ಕು. ಅವರು ಅವನಿಗೆ ಸಿದ್ಧಾಂತ ಎಂಬ ಹೆಸರಿನಲ್ಲಿ ಏನನ್ನೂ ಕಲಿಸಲಿಲ್ಲ; ಸಿದ್ಧಾಂತ ಎಂದರೆ ಅವರಿಗೆ ಫ್ರೆಂಚರಿಗೆ ತಗಲುವ ಜ್ವರ. ಕ್ಷೇತ್ರದ ಮನೆಗಳಿಗೆ ಕರೆದೊಯ್ದು, ಯಾರ ಹೆಂಡತಿ ತೀರಿಕೊಂಡಿದ್ದಾಳೆ, ಯಾರ ದೋಣಿ ಮುಳುಗಿದೆ, ಎಲ್ಲಿ ಏನನ್ನು ಕೇಳಬಾರದು ಎಂಬುದನ್ನಷ್ಟೇ ತೋರಿಸಿದರು. ಕೇಳಬಾರದ್ದನ್ನು ಕಲಿತರೆ ರಾಜಕೀಯದ ಅರ್ಧ ಕಲಿತಂತೆ ಎನ್ನುತ್ತಿದ್ದರು. ಮಿಕ್ಕ ಅರ್ಧ ಯಾವುದೆಂದು ಅವನು ಕೇಳಿರಲಿಲ್ಲ.

ಆಂಬುಲೆನ್ಸ್ ಸದ್ದಿಲ್ಲದೆ, ದೀಪವನ್ನೂ ಮಿನುಗಿಸದೆ, ಗೇಟಿನೊಳಗೆ ತಿರುಗಿತು. ಹಿಂದಿನ ಬಾಗಿಲು ತೆರೆದಾಗ ಮೊದಲು ಇಳಿದದ್ದು ಹೆಸ್ಟರ್ ಹ್ಯಾಲೆಟ್, ಸರ್ ಅಂಬ್ರೋಸರ ತಂಗಿ. ಮದುವೆಯಾಗದೆ ಅಣ್ಣನ ಮನೆಯನ್ನೂ ಸ್ಕಾರ್‌ಹೇವನ್ನಿನ ಪಕ್ಷದ ಶಾಖೆಯನ್ನೂ ಒಂದೇ ಬೀಗದ ಕೈಗೊಂಚಲಿನಿಂದ ನಡೆಸಿದವಳು. ಮಂಡಿ ನೋವಿನಿಂದ ಸೊಟ್ಟಗೆ ಇಳಿದು, ಟೋಪಿ ನೆಟ್ಟಗೆ ಮಾಡಿಕೊಂಡಳು.

"ಏನಪ್ಪಾ ಲೆಸ್ಲಿ, ದಪ್ಪ ಆಗಿದೀಯ. ಸರ್ಕಾರದ ಅನ್ನ ಮೈಗೆ ಹತ್ತಿದೆ."

"ಹೇಗಿದ್ದಾರೆ, ಮಿಸ್ ಹ್ಯಾಲೆಟ್?"

"ಬೆಳಗಿನ ಜಾವಕ್ಕೆ ಮನೆ ಬಿಟ್ವಿ. ದಾರೀಲಿ ಎರಡು ಸಲ ನಿಲ್ಲಿಸಿದ್ವಿ. ಡಾಕ್ಟರ್ ಕಾಗದಕ್ಕೆ ಸಹಿ ಹಾಕ್ಲೇ ಇಲ್ಲ, ನಾನೇ ಹಾಕ್ದೆ. ಇನ್ನೇನು ತಿಳೀಬೇಕು ನಿಂಗೆ?"

ತಿಳಿಯಬೇಕಾದದ್ದು ಒಂದೇ ಒಂದಿತ್ತು. ಪೆನ್‌ರೋಸ್ "ಏನಿಲ್ಲ" ಎಂದ.

ಒಳಗೆ ಔಷಧದ ವಾಸನೆ, ಉಣ್ಣೆಯ ವಾಸನೆ, ಎರಡರ ಅಡಿಯಲ್ಲಿ ಇನ್ನೊಂದು ಸಿಹಿಯಾದ ವಾಸನೆ. ದಾದಿ ಮೂಲೆಗೆ ಸರಿದು ಜಾಗ ಬಿಟ್ಟಳು. ಸರ್ ಅಂಬ್ರೋಸ್ ಅರ್ಧ ಒರಗಿ ಮಲಗಿದ್ದರು. ದೊಡ್ಡ ದೇಹದ ಒಳಗಿನಿಂದ ಮನುಷ್ಯನನ್ನು ಯಾರೋ ಎಳೆದುಕೊಂಡು ಬರಿಯ ಚೌಕಟ್ಟನ್ನು ಬಿಟ್ಟುಹೋದಂತಿತ್ತು. ಮೂಗಿಗೆ ಕೊಳವೆ. ಕೊರಳಿಗೆ ಟೈ ಮಾತ್ರ ಕಟ್ಟಿತ್ತು, ಪೈಜಾಮದ ಅಂಗಿಯ ಮೇಲೆ.

"ಟೈ ಇಲ್ದೆ ಸದನಕ್ಕೆ ಬರಲ್ಲ ಅಂತ ಹಠ," ಎಂದಳು ಹೆಸ್ಟರ್, ಬಾರ್ಲಿ ನೀರಿನ ಲೋಟವನ್ನು ಅಣ್ಣನ ತುಟಿಗೆ ಹಿಡಿಯುತ್ತಾ.

"ಲೆಸ್ಲಿ," ಎಂದರು ಮುದುಕರು. ಪ್ರತಿ ಮಾತಿಗೂ ಒಂದೊಂದು ಉಸಿರು ಬೇಕಾಗಿತ್ತು. "ಜಾಸ್ತಿ ಜನ ಬಂದಿದಾರಾ?"

"ಎಲ್ಲರೂ ಬಂದಿದ್ದಾರೆ, ಸರ್. ಲಾಬಿಯಲ್ಲಿ ಕಾಲಿಡೋಕೆ ಜಾಗ ಇಲ್ಲ."

"ಒಳ್ಳೇದು. ಸದನ ತುಂಬಿರ್ಬೇಕು." ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಹೇಳಿದರು: "ಮೊನ್ನೆ ದೊಡ್ಡ ಗಾಳಿ ಎದ್ದಿತ್ತು ನಮ್ಮ ಕಡೆ. ಸಮುದ್ರದಾಚೆಯ ಡೇನರ ದೋಣಿ ಎರಡು ನಮ್ಮ ಬಂದರಿಗೆ ನುಗ್ಗಿದ್ವು. ಹೆಸ್ಟರ್ ಸಾರು ಕಳಿಸಿದ್ಲು."

"ಸಾರಲ್ಲ, ಸ್ಟ್ಯೂ," ಎಂದಳು ಹೆಸ್ಟರ್.

"ಗಾಳಿಗೆ ಹೆದರಿ ಬಂದ ದೋಣಿಗೆ ನಾವು ಸುಂಕ ಹಾಕಲ್ಲ. ಯಾರ ದೋಣಿ ಆದ್ರೂ. ಎಲ್ಲೂ ಬರ್ದಿಲ್ಲ ಅದು." ಸ್ವಲ್ಪ ಕೆಮ್ಮಿದರು. "ಬರ್ದಿಲ್ಲ ಅಂದ್ಮೇಲೆ ಕಂಪನಿಯವರಿಗೆ ಹೇಗೆ ಗೊತ್ತಾಗತ್ತೆ, ಪಾಪ."

ಪೆನ್‌ರೋಸ್ ಕಂಬಳಿಯ ಅಂಚನ್ನು ಸರಿಮಾಡಿದ. ಅದು ಸರಿಯಾಗಿಯೇ ಇತ್ತು. ವೇನ್ ಹೇಳಿಕೊಟ್ಟ ಎರಡನೆಯ ಮಾತು ನೆನಪಾಗಿ, "ಇಲ್ಲೂ ಚಳಿ ಜೋರು, ಸರ್," ಎಂದ. ತನ್ನ ಧ್ವನಿ ತನಗೇ ಬೇರೆಯವನದಂತೆ ಕೇಳಿಸಿತು.

ಎದುರಿಗೆ ಕೂತಿದ್ದ ಹೆಸ್ಟರ್ ಅವನ ಕೈಗಳನ್ನೇ ನೋಡುತ್ತಿದ್ದಳು. "ಧಾನ್ಯದ ಸುಂಕದ ಕಥೆ ಹೇಳಿದಾನಾ ಇವನು ನಿಂಗೆ? ನಮ್ಮ ಮುತ್ತಜ್ಜಂದು?"

ಹೇಳಿದ್ದರು. ಒಂದೂವರೆ ಶತಮಾನದ ಹಿಂದೆ ಪಕ್ಷದ ನಾಯಕನೇ ವಿದೇಶದ ಧಾನ್ಯದ ಮೇಲಿನ ಸುಂಕವನ್ನು ತೆಗೆದುಹಾಕಿದಾಗ ಪಕ್ಷ ನಡು ಸೀಳಿಹೋಗಿತ್ತು. ಹ್ಯಾಲೆಟ್ ಅಣ್ಣತಮ್ಮಂದಿರಲ್ಲಿ ಒಬ್ಬ ನಾಯಕನ ಕಡೆ, ಇನ್ನೊಬ್ಬ ಎದುರು ಕಡೆ. ಆಮೇಲೆ ಸಾಯುವವರೆಗೂ ಇಬ್ಬರೂ ಒಂದೇ ಚರ್ಚಿನ ಎರಡು ಬಾಗಿಲುಗಳಿಂದ ಒಳಗೆ ಹೋಗುತ್ತಿದ್ದರು. ಪಕ್ಷ ಒಂದು ತಲೆಮಾರು ತನ್ನ ಕಾಲ ಮೇಲೆ ನಿಲ್ಲಲಿಲ್ಲ. ಸರ್ ಅಂಬ್ರೋಸ್ ಆ ಕಥೆಯನ್ನು ಹೇಳುವಾಗ ಯಾರು ಸರಿ ಎಂದು ಎಂದೂ ಹೇಳುತ್ತಿರಲಿಲ್ಲ. ಕಾಯುವವರೂ ಮಾರುವವರೂ ಒಂದೇ ಪಕ್ಷದ ಒಂದೇ ಬೆಂಚಿನ ಮೇಲೆ ಕೂತಿರುವುದೇ ಈ ಪಕ್ಷದ ಆಯುಸ್ಸಿನ ಗುಟ್ಟು, ಅದೇ ಅದರ ಹುಣ್ಣು ಕೂಡ ಎಂದು ಪೆನ್‌ರೋಸನಿಗೆ ಬಹಳ ಕಾಲದಿಂದ ಅನಿಸುತ್ತಿತ್ತು. ಆದರೆ ಅದು ಈವರೆಗೆ ಬರಿಯ ಅನಿಸಿಕೆಯಾಗಿತ್ತು. ಈಗ ಅದಕ್ಕೆ ಮುಖ ಇತ್ತು, ಮೂಗಿಗೆ ಕೊಳವೆ ಇತ್ತು.

ಕೇಳಿದರೆ? ಉತ್ತರ ಹೌದು ಎಂದಾದರೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಇಲ್ಲ ಎಂದಾದರೆ ಸರ್ಕಾರ ಇಳಿಯುತ್ತದೆ. ಕೇಳದಿದ್ದರೆ ಏನೂ ಇಳಿಯುವುದಿಲ್ಲ. ಅವನು ಮೇಲೆ ಹೋಗಿ ತಲೆಯನ್ನು ಒಂದಿಷ್ಟು ಆಡಿಸಿದರೆ ಆಯಿತು. ಆ ಒಂದಿಷ್ಟು ಆಡಿಸುವ ಕುತ್ತಿಗೆ ಈಗಲೇ ಕಟ್ಟಿಗೆಯಂತೆ ಸೆಟೆದುಕೊಂಡಿತ್ತು.

ಬಾಗಿಲ ಮೇಲೆ ಗೆಣ್ಣಿನಿಂದ ಕುಟ್ಟಿದ ಸದ್ದು. "ಒಳಗೆ ಬರಬಹುದಾ, ಇಲ್ಲಾ ಪಾದ್ರಿ ಇದ್ದಾರಾ?"

ಎದುರು ಪಕ್ಷವಾದ ಲೇಬರ್‌ನ ಸಚೇತಕ ಡೂಗಲ್ ಮೆಕ್‌ಫೇಲ್ ತಲೆ ತೂರಿಸಿದ. ಕ್ಲೈಡ್ ನದಿಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ರಿವೆಟ್ ಬಡಿಯುತ್ತಾ ಬೆಳೆದು, ಒಂದು ಕಿವಿಯನ್ನು ಅಲ್ಲೇ ಬಿಟ್ಟುಬಂದವನು. ಹಾಗಾಗಿ ಪಿಸುಮಾತನ್ನೂ ಕೂಗಿಯೇ ಆಡುತ್ತಿದ್ದ.

"ಏನ್ರೀ ಸರ್ ಅಂಬ್ರೋಸ್, ಇನ್ನೂ ಇದೀರಾ?"

ಸರ್ ಅಂಬ್ರೋಸರ ಕಣ್ಣು ತೆರೆಯಿತು. ಅದರಲ್ಲಿ ಹಳೆಯ ಕಿಡಿ ಇತ್ತು. "ಅನುಮಾನ ಇತ್ತು. ನಿನ್ನ ಮುಖ ನೋಡಿದ್ಮೇಲೆ ಇದು ಸ್ವರ್ಗ ಅಲ್ಲ ಅಂತ ಖಾತ್ರಿ ಆಯ್ತು."

"ಸ್ವರ್ಗ ಎಲ್ಲಿದೆ? ನಿಮ್ಮೋರು ಅದನ್ನೂ ಹರಾಜು ಹಾಕಿದಾರೆ ಅಂದ್ಕೊಂಡಿದ್ದೆ."

"ಕೂಗೋಕೆ ನಿಮ್ಮ ಯೂನಿಯನ್ ಹತ್ರ ದುಡ್ಡಿಲ್ವಲ್ಲ, ಹರಾಜು ನಡೀಲಿಲ್ಲ."

ಮೆಕ್‌ಫೇಲ್ ಹೋ ಎಂದು ನಕ್ಕ. ನಗು ಮುಗಿದಮೇಲೆ ಟೋಪಿ ತೆಗೆದು, ಕಂಬಳಿಯ ಮೇಲಿದ್ದ ಆ ಒಣಗಿದ ಕೈಯನ್ನು ತನ್ನ ಅಗಲವಾದ ಕೈಯಲ್ಲಿ ಹಿಡಿದುಕೊಂಡ. ಹೆಸ್ಟರ್ ಬೇರೆ ಕಡೆ ನೋಡಿದಳು.

ಹೊರಗೆ ಇಳಿದಮೇಲೆ ಅವನು ಪೆನ್‌ರೋಸನನ್ನು ಮರಗಳ ಕಡೆಗೆ ಎಳೆದ. "ಜೀವ ಇದೆ. ನಾನು ನೋಡ್ಬೇಕಾದ್ದು ಅಷ್ಟೇ. ಯಾವ ಕಡೆ ಅಂತ ಕೇಳೋದು ನನ್ನ ಕೆಲಸ ಅಲ್ಲ, ಕೇಳೋದೂ ಇಲ್ಲ. ಆದ್ರೆ ಒಂದು ಮಾತು ಹೇಳ್ಲಾ? ನಿನ್ನ ಮುಖ ನೋಡಿದ್ರೆ ಸ್ಟ್ರೆಚರ್ ಮೇಲೆ ಮಲಗ್ಬೇಕಾದೋನು ನೀನೇ ಅನ್ಸತ್ತೆ ಕಣಯ್ಯಾ."

"ನಿದ್ದೆ ಇಲ್ಲ ಡೂಗಲ್, ಅಷ್ಟೇ."

"ನನ್ನ ಪಕ್ಷದಲ್ಲಾದ್ರೆ ನಾವು ಕೂಗಾಡಿ, ನಿರ್ಣಯ ಮಾಡಿ, ಅದನ್ನ ಮುರಿದು, ಒಬ್ಬರ ಮೇಲೊಬ್ಬರು ಕುರ್ಚಿ ಎಸೀತೀವಿ. ನಿಮ್ಮಲ್ಲಿ ಎಲ್ಲ ಶಾಂತ. ಅದು ಹೇಗೆ ಬದುಕ್ತೀರೋ ನಾ ಕಾಣೆ." ಅವನು ಹೊರಟುಹೋದ.

ಗಂಟೆ ಬಾರಿಸತೊಡಗಿತು. ಅರಮನೆಯ ಪ್ರತಿ ಕೋಣೆಯಲ್ಲೂ, ರಸ್ತೆಯಾಚೆಯ ಹೋಟೆಲುಗಳಲ್ಲೂ ಏಕಕಾಲಕ್ಕೆ ಕಿರುಚುವ ಆ ಗಂಟೆ, ಕಿಟಕಿಗಳಿಂದ ಅಂಗಳಕ್ಕೆ ಸೋರಿತು. ಇನ್ನು ಕೆಲವೇ ನಿಮಿಷಗಳಲ್ಲಿ ಪಡಸಾಲೆಗಳ ಬಾಗಿಲಿಗೆ ಅಗುಳಿ ಬೀಳುತ್ತದೆ. ಮೇಲೆ ಹೋಗಬೇಕಾದ ಪೆನ್‌ರೋಸ್ ತಾನು ಮತ್ತೆ ಆಂಬುಲೆನ್ಸಿನ ಒಳಗೆ, ಮಂಡಿಯೂರಿ, ಮುದುಕರ ಕಿವಿಯ ಹತ್ತಿರ ಬಾಗಿರುವುದನ್ನು ಕಂಡ. ಕಾಲು ಯಾವಾಗ ತಿರುಗಿತೋ ಅವನಿಗೆ ತಿಳಿಯಲಿಲ್ಲ.

ಸರ್ ಅಂಬ್ರೋಸರ ಕಣ್ಣು ಮುಚ್ಚಿತ್ತು. ಉಸಿರು ಸಣ್ಣಗೆ ಬಂದು ಹೋಗುತ್ತಿತ್ತು. ನಿದ್ದೆಯೇ ಇರಬಹುದು, ನಿದ್ದೆಯೆಂದುಕೊಂಡು ಎದ್ದು ಹೋಗಲು ಇನ್ನೂ ಹೊತ್ತಿತ್ತು.

"ಸರ್. ಯಾವ ಪಡಸಾಲೆ?"

"ಲೆಸ್ಲಿ!" ಎಂದಳು ಹೆಸ್ಟರ್, ನಾಯಿಯನ್ನು ಗದರುವ ಹಾಗೆ.

ಮುದುಕರು ಕಣ್ಣು ತೆರೆದರು. ಅವರು ನಿದ್ದೆಯಲ್ಲಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ದಣಿವಿದ್ದ ಆ ನೋಟವನ್ನು ಪೆನ್‌ರೋಸ್ ಎದುರಿಸಲಾರದೆ ಟೈಯ ಗಂಟನ್ನು ನೋಡುತ್ತಾ ಕುಳಿತ.

"ಕೇಳಿಬಿಟ್ಯಾ," ಎಂದರು ಸರ್ ಅಂಬ್ರೋಸ್.

"ಕ್ಷಮಿಸಿ, ಸರ್. ನಂಗೆ ಗೊತ್ತಾಗ್ದೆ..."

"ಕಣ್ಣು ಮುಚ್ಕೊಂಡು ಮಲಗಿದ್ದೆ. ನಿನಗೋಸ್ಕರ." ಉಸಿರು. "ನೀನು ಬಂದು, ಚಳಿ ಅಂತ ಹೇಳಿ, ಹೋಗ್ತೀಯ. ನಿನ್ನಿಷ್ಟದ ಹಾಗೆ ತಲೆಯಾಡಿಸ್ತೀಯ. ನಾನು ಕೇಳಿಸ್ಕೊಂಡಿಲ್ಲ, ನೀನು ಹೇಳಿಲ್ಲ. ಹಾಗಂದ್ಕೊಂಡೇ ಅಲ್ವೇನೋ ನಾನು ಹೊರಟು ಬಂದದ್ದು." ಕೆಮ್ಮು ಬಂದು, ಅವರನ್ನು ಅಲ್ಲಾಡಿಸಿ ಬಿಟ್ಟಿತು. ದಾದಿ ಮುಂದೆ ಬಂದಳು. ಅವರು ಬೆರಳೆತ್ತಿ ತಡೆದರು. "ಪಕ್ಷ ಉಳೀಲಿ ಅಂತ ನಾನು ಸುಮ್ನಿರಬಲ್ಲೆ. ಸುಮ್ನಿರೋದು ನಮ್ಗೆ ಅಭ್ಯಾಸ. ಆದ್ರೆ ಕೇಳಿದ್ಮೇಲೆ ಬಾಯಿಬಿಟ್ಟು ಹೌದು ಅನ್ನಲಾರೆ. ಅದು ನನ್ನ ಮಾತಾಗತ್ತೆ."

ಗಂಟೆ ಬಾರಿಸುತ್ತಲೇ ಇತ್ತು.

"ಇಲ್ಲ," ಎಂದರು ಸರ್ ಅಂಬ್ರೋಸ್. "'ಇಲ್ಲ' ಪಡಸಾಲೆ. ಹೋಗು, ಹೊತ್ತಾಗತ್ತೆ."

ಪೆನ್‌ರೋಸ್ ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಪಡಸಾಲೆಗಳ ಮುಂದಿನ ಲಾಬಿ ಜನರಿಂದ ಕುದಿಯುತ್ತಿತ್ತು. ಕರಿಯ ಕೋಟುಗಳ ನಡುವೆ ವೇನ್ ಅವನ ಮೊಣಕೈ ಹಿಡಿದು ಕಂಬದ ಹಿಂದಕ್ಕೆ ಸರಿಸಿದ.

"ಎಷ್ಟು ಹೊತ್ತು! ಹೌದಿಗೆ ಒಂದು, ಸರಿ?"

"ಇಲ್ಲಕ್ಕೆ."

ವೇನ್‌ನ ಮುಖದಲ್ಲಿ ಏನೂ ಬದಲಾಗಲಿಲ್ಲ. ಬಣ್ಣ ಮಾತ್ರ ನಿಧಾನವಾಗಿ ಕೆಳಗಿಳಿಯಿತು. "ಕೇಳಿದ್ಯಾ ನೀನು?"

"ಕೇಳ್ದೆ."

"ಮೂರ್ಖ," ಎಂದ ವೇನ್, ಬಹುಮಟ್ಟಿಗೆ ಮೃದುವಾಗಿ. ಮರುಕ್ಷಣ ಅವನ ತಲೆ ಮತ್ತೆ ಓಡತೊಡಗಿದ್ದು ಕಣ್ಣಿನಲ್ಲೇ ಕಾಣುತ್ತಿತ್ತು. "ಸರಿ. ಹಾಗಾದ್ರೆ ಅವರು ಬಂದಿಲ್ಲ. ನೀನು ಯಾವ ಬಾಗಿಲಿಗೂ ಹೋಗ್ಬೇಡ. ಮತ ಸಮ ಆಗತ್ತೆ. ಸಮ ಆದ್ರೆ ಸಭಾಧ್ಯಕ್ಷರು ಮಸೂದೆನ ಮುಂದಿನ ಹಂತಕ್ಕೆ ಬಿಡ್ತಾರೆ, ಅದು ಅವರ ಪದ್ಧತಿ. ನಮಗೆ ಉಸಿರಾಡೋಕೆ ಒಂದು ತಿಂಗಳು ಸಿಗತ್ತೆ. ಯಾರೂ ಸುಳ್ಳು ಹೇಳ್ಬೇಕಾಗಿಲ್ಲ. ಸುಮ್ನೆ ನಿಂತಿರು ಇಲ್ಲೇ. ಅಷ್ಟೂ ಮಾಡಕ್ಕಾಗಲ್ವಾ?"

ಅದು ಸಾಧ್ಯವಿತ್ತು. ಅದಕ್ಕಿಂತ ಸುಲಭವಾದದ್ದು ಲೋಕದಲ್ಲೇ ಇರಲಿಲ್ಲ. ಕಂಬಕ್ಕೆ ಒರಗಿ, ಅಗುಳಿ ಬೀಳುವವರೆಗೆ ತನ್ನ ಶೂಗಳನ್ನು ನೋಡುತ್ತಾ ನಿಲ್ಲುವುದು. ಮೆಕ್‌ಫೇಲ್ ಏನನ್ನೂ ಕೇಳುವುದಿಲ್ಲ. ಕೆಳಗೆ ಮಲಗಿರುವ ಮನುಷ್ಯನೂ ಕೇಳುವುದಿಲ್ಲ. ಆ ಮನುಷ್ಯನೇ ಇದನ್ನು ಇಷ್ಟಪಡಬಹುದು ಕೂಡ. ಪೆನ್‌ರೋಸ್ ಕಂಬದ ತಣ್ಣನೆಯ ಕಲ್ಲಿಗೆ ಬೆನ್ನು ಕೊಟ್ಟ. ಜನ ಅವನನ್ನು ಹಾಯ್ದು ಎರಡು ಬಾಗಿಲುಗಳ ಕಡೆಗೆ ಹರಿಯುತ್ತಿದ್ದರು. ಯಾರೋ ಅವನ ಭುಜ ತಟ್ಟಿ "ಗೆದ್ವಿ ಕಣೋ" ಎಂದು ಹೋದರು.

ಆದರೆ ಪೈಜಾಮದ ಮೇಲೆ ಟೈ ಕಟ್ಟಿಕೊಂಡು ದಿನವಿಡೀ ರಸ್ತೆಯಲ್ಲಿ ಬಂದವರನ್ನು ಬಂದಿಲ್ಲ ಎನ್ನುವುದು ಹೇಗೆ? ಅವರ ಮೌನವನ್ನು ತಾನು ಮುರಿದಾಗಿತ್ತು. ಮುರಿದಮೇಲೆ ಸಿಕ್ಕಿದ ಮಾತನ್ನೂ ಜೇಬಿಗೆ ಹಾಕಿಕೊಂಡರೆ ಅವರಿಗೆ ಉಳಿಯುವುದೇನು?

ಅವನು ಕಂಬ ಬಿಟ್ಟು ನಡೆದ. "ಲೆಸ್ಲಿ," ಎಂದ ವೇನ್ ಹಿಂದಿನಿಂದ. ಮತ್ತೆ ಕರೆಯಲಿಲ್ಲ.

'ಇಲ್ಲ' ಪಡಸಾಲೆಯ ಬಾಗಿಲಲ್ಲಿ ಲೇಬರ್ ಎಣಿಕೆದಾರ ಅವನನ್ನು ಕಂಡು ದಾರಿ ತಪ್ಪಿ ಬಂದನೆಂದು ಎಣಿಸಿ ಹುಬ್ಬು ಹಾರಿಸಿದ. ಪಕ್ಕದಲ್ಲಿ ಮೆಕ್‌ಫೇಲ್ ನಿಂತಿದ್ದ. ಪೆನ್‌ರೋಸ್ "ಅಂಗಳದಲ್ಲಿ ಸರ್ ಅಂಬ್ರೋಸ್ ಹ್ಯಾಲೆಟ್," ಎಂದ. ತಲೆಯಾಡಿಸಿದ.

ಮೆಕ್‌ಫೇಲ್ ಬಾಯಿ ತೆರೆದ. ಅವನಿಗೆ ತಮಾಷೆಯೊಂದು ಹೊಳೆದಿರಬೇಕು. ಆಡಲಿಲ್ಲ. "ಜೀವ ಇದೆ. ನಾನು ನೋಡಿದೀನಿ," ಎಂದ, ಎಂದೂ ಇಲ್ಲದಷ್ಟು ಮೆಲ್ಲಗೆ.

ಸರ್ಕಾರ ಒಂದು ಮತದಿಂದ ಸೋತಿತು. ಆ ಸಂಖ್ಯೆಯನ್ನು ಓದಿದಾಗ ಎದುರು ಬೆಂಚುಗಳಿಂದ ಎದ್ದ ಕೂಗು ಅಂಗಳದವರೆಗೂ ಕೇಳಿಸಿರಬೇಕು. ಪೆನ್‌ರೋಸ್ ಕೆಳಗೆ ಓಡಿ ಬಂದಾಗ ಹೆಸ್ಟರ್ ಆಂಬುಲೆನ್ಸಿನ ಹೊರಗೆ, ಬೆನ್ನನ್ನು ಬಾಗಿಲಿಗೆ ಕೊಟ್ಟು, ಅವನನ್ನು ತಡೆಯುವವಳಂತೆ ನಿಂತಿದ್ದಳು.

"ಯಾರದ್ದು ಕೂಗು?"

"ಅವರದ್ದು."

ಅವಳು ತಲೆದೂಗಿದಳು. "ಮೂವತ್ತು ವರ್ಷ, ಲೆಸ್ಲಿ. ಒಂದು ಸಲಾನೂ ಅವನು ಪಕ್ಷದ ವಿರುದ್ಧ ಮತ ಹಾಕಿರ್ಲಿಲ್ಲ. ಎಷ್ಟು ಸಲ ನುಂಗಿದಾನೆ, ನಾನು ಕಂಡಿದೀನಿ. ಮನೆಗೆ ಬಂದು ತೋಟದಲ್ಲಿ ಒಬ್ನೇ ಸುತ್ತೋನು. ಇದೊಂದನ್ನೂ ನುಂಗೋಕೆ ಸಿದ್ಧವಾಗಿ ಬಂದಿದ್ದ."

"ನಾನು ಅವರ ಮಾತನ್ನ ಸುಳ್ಳು ಮಾಡಬಾರ್ದು ಅಂತ ಕೇಳಿದ್ದು, ಮಿಸ್ ಹ್ಯಾಲೆಟ್."

"ಅಲ್ಲ. ನಿನ್ನ ಎದೆ ಹಗುರ ಆಗ್ಲಿ ಅಂತ ಕೇಳಿದ್ದು. ನಿನ್ನ ಮೇಲಿದ್ದದ್ದನ್ನ ಎತ್ತಿ ಅವನ ಎದೆ ಮೇಲಿಟ್ಟೆ. ಉಸಿರಾಡೋಕೇ ಆಗದ ಎದೆ ಅದು." ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಅವನಿಗೆ ಹೆಚ್ಚು ನೋಯಿಸಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. "ಹೋಗು. ನಿನ್ನನ್ನೇ ಕೇಳ್ತಿದಾನೆ."

ಸರ್ ಅಂಬ್ರೋಸರ ಮುಖ ಇನ್ನಷ್ಟು ಚಿಕ್ಕದಾಗಿತ್ತು. "ನಮ್ಮೋರು?" ಎಂದರು.

ನಮ್ಮವರು. ಪೆನ್‌ರೋಸ್ ಕಂಬಳಿಯ ಅಂಚು ಹಿಡಿದುಕೊಂಡ. "ಸೋತ್ವಿ, ಸರ್."

ಮುದುಕರು ಆಂಬುಲೆನ್ಸಿನ ಬಿಳಿಯ ಚಾವಣಿಯನ್ನು ನೋಡುತ್ತಿದ್ದರು. ಬಂದರು ಉಳಿಯಿತೆಂಬ ನೆಮ್ಮದಿಯೋ, ಪಕ್ಷವನ್ನು ತನ್ನ ಕೈಯಾರೆ ಕೆಡವಿದೆನೆಂಬ ದುಃಖವೋ, ಆ ಮುಖದಲ್ಲಿ ಯಾವುದನ್ನೂ ಓದಲಾಗುತ್ತಿರಲಿಲ್ಲ. ಕಣ್ಣಿನ ಕೊನೆಯಿಂದ ನೀರು ಇಳಿಯಿತು. ಅದು ಕೆಮ್ಮಿನದೂ ಇರಬಹುದು.

"ನೀನು ಒಳ್ಳೇ ಸಚೇತಕ ಅಲ್ಲ, ಲೆಸ್ಲಿ."

"ಅಲ್ಲ, ಸರ್."

"ಇಲ್ಲಿ ಯಾಕಿದೀಯ ಹಾಗಾದ್ರೆ?"

"ನಿಮ್ಮ ಜೊತೆ ಊರಿನವರೆಗೆ ಬರೋಣ ಅಂತ. ಮಿಸ್ ಹ್ಯಾಲೆಟ್ ಒಬ್ರೇ..."

"ಬೇಡ." ಕೊಳವೆಯ ಕೆಳಗೆ ತುಟಿ ಅಲುಗಿತು. "ಗೆದ್ದ ದಿನ ಎಲ್ಲಿದ್ರೂ ನಡಿಯತ್ತೆ. ಸೋತ ದಿನ ನಮ್ಮೋರ ಜೊತೆ ಇರ್ಬೇಕು. ಬೈತಾರೆ. ಬೈಸ್ಕೋ. ಹೋಗು."

ದಾದಿ ಬಾಗಿಲು ಎಳೆದುಕೊಂಡಳು. ಆಂಬುಲೆನ್ಸ್ ಬಂದಷ್ಟೇ ಮೆಲ್ಲಗೆ ತಿರುಗಿ, ಗೇಟಿನ ಪೋಲೀಸನ ಸಲಾಮು ದಾಟಿ, ಬಸ್ಸುಗಳ ಕೆಂಪು ಹೊಳೆಯಲ್ಲಿ ಸೇರಿಹೋಯಿತು. ಮುದುಕರು ಸ್ಕಾರ್‌ಹೇವನ್ ತಲುಪುತ್ತಾರೋ ಇಲ್ಲವೋ ಅವನಿಗೆ ತಿಳಿಯದು. ಕೇಳಲು ಯಾರೂ ಇರಲಿಲ್ಲ.

ಅವನು ಮೆಟ್ಟಿಲು ಹತ್ತಿದ. ಸಚೇತಕರ ಕೋಣೆಯ ಬಾಗಿಲು ಮುಚ್ಚಿತ್ತು. ಹಿಂದೆ ಧ್ವನಿಗಳು ಒಂದರ ಮೇಲೊಂದು ಬಿದ್ದು ಉರುಳುತ್ತಿದ್ದವು, ನಡುವೆ ತನ್ನ ಹೆಸರೂ ಇತ್ತು. ಅವನು ಕೋಟಿನ ಗುಂಡಿ ಹಾಕಿಕೊಂಡ. ಆಮೇಲೆ ಬಾಗಿಲು ತೆರೆದ.

ಮಾತು ನಿಂತಿತು. ಹೊಗೆಯ ಒಳಗಿನಿಂದ ಅಷ್ಟೂ ಮುಖಗಳು ತಿರುಗಿದವು. ಕಿಟಕಿಯ ಬಳಿ ವೇನ್ ಬೆನ್ನು ಹಾಕಿ ನಿಂತಿದ್ದ, ಅವನೊಬ್ಬನೇ ತಿರುಗಲಿಲ್ಲ. ಪೆನ್‌ರೋಸ್ ಎಂದಿನ ಮೂಲೆಯ ಕುರ್ಚಿಯವರೆಗೆ ನಡೆದು, ಅದರ ಮೇಲೆ ಯಾರೋ ಇಟ್ಟಿದ್ದ ಕೋಟನ್ನು ಎತ್ತಿ ಮಡಿಚಿ ಮೊಣಕಾಲ ಮೇಲಿಟ್ಟುಕೊಂಡು ಕುಳಿತ, ಮೊದಲು ಯಾರು ಬಾಯಿ ತೆರೆಯುತ್ತಾರೋ ಎಂದು ಕಾಯುತ್ತಾ.